ಬಾಡಿಗೆ ಮನೆಗೆ ಯಾವ ಸ್ಪೇಸ್‌ಶಿಪ್? ಲೆಗೊ, ಬ್ಯಾಂಡೈ, ಮೆಟಲ್ ಅರ್ಥ್ ಮತ್ತು ಒಂದು ಹೆಸರಿಲ್ಲದ ಡಬ್ಬಿ

ಬಿಡಿ ಪೀಸುಗಳನ್ನು ಜೋಡಿಸಿ ಕಟ್ಟುವ ಆಟಿಕೆ ಸ್ಪೇಸ್‌ಶಿಪ್ ಕಿಟ್ ಕೊಳ್ಳುವಾಗ ಎಲ್ಲರೂ ಮೊದಲು ಕೇಳುವುದು, ಎಷ್ಟು ಪೀಸ್? ಆಮೇಲೆ, ಎಷ್ಟು ದುಡ್ಡು? ಮುಂಬೈಯಲ್ಲಿ ಬಾಡಿಗೆ ಮನೆಯಲ್ಲಿರುವವರು ಇನ್ನೊಂದನ್ನೂ ಕೇಳಬೇಕು. ಮನೆ ಬದಲಾಯಿಸುವಾಗ ಇದರ ಗತಿ ಏನು? ಇಲ್ಲಿ ಲೀವ್ ಅಂಡ್ ಲೈಸೆನ್ಸ್ ಅನ್ನುವ ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ಓನರ್ ಮುಂದುವರಿಸಿದರೆ ಸರಿ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ನಾವು ಮಾಟುಂಗ ಬಿಟ್ಟು ಡೊಂಬಿವಲಿಗೆ ಬಂದಾಗ ಪಾತ್ರೆ ಪಡಗದ ಜೊತೆ ನನ್ನ ನೌಕೆಗಳೂ ಹೊರಟವು. ಯಾವುದು ಹೇಗೆ ಬಂದು ತಲುಪಿತು ಅನ್ನುವುದರಲ್ಲೇ ಈ ಹೋಲಿಕೆಯ ಅರ್ಧ ಉತ್ತರ ಇದೆ.

ನಾನು ಪಕ್ಕಪಕ್ಕ ಇಟ್ಟು ನೋಡಿದ್ದು ನಾಲ್ಕು. ಲೆಗೊದ ಗ್ಯಾಲಕ್ಸಿ ಎಕ್ಸ್‌ಪ್ಲೋರರ್. ಬ್ಯಾಂಡೈಯ 1/72 ಅಳತೆಯ, ಅಂದರೆ ಕಥೆಯ ನೌಕೆಯ 72ನೇ ಒಂದು ಭಾಗದಷ್ಟಿರುವ, ಎಕ್ಸ್-ವಿಂಗ್. ಮೆಟಲ್ ಅರ್ಥ್‌ನ ಮಿಲೇನಿಯಂ ಫಾಲ್ಕನ್. ಈ ಎರಡೂ ಸ್ಟಾರ್ ವಾರ್ಸ್ ಸಿನಿಮಾಗಳ ನೌಕೆಗಳು. ಮತ್ತೆ ಕ್ರಾಫರ್ಡ್ ಮಾರ್ಕೆಟ್ ಕಡೆಯಿಂದ ತಂದ, ಹೆಸರು ಊರು ಯಾವುದೂ ಇಲ್ಲದ, ಲೆಗೊದಂಥ ಪ್ಲಾಸ್ಟಿಕ್ ಇಟ್ಟಿಗೆಗಳ ಸೆಟ್. ಒಂದನ್ನು ಒತ್ತಿ ಕೂರಿಸಬೇಕು, ಇನ್ನೊಂದನ್ನು ಕತ್ತರಿಸಿ ಸಿಕ್ಕಿಸಬೇಕು, ಮತ್ತೊಂದನ್ನು ಮಡಚಿ ತಿರುಚಬೇಕು. ನೌಕೆ ಎಷ್ಟು ಚೆಂದ ಅನ್ನುವುದಕ್ಕಿಂತ, ಅದನ್ನು ಹಿಡಿದಿಟ್ಟಿರುವುದು ಏನು ಅನ್ನುವುದು ನನಗೆ ಮುಖ್ಯ.

ಲೆಗೊದಿಂದಲೇ ಶುರು ಮಾಡೋಣ. ಡೆನ್ಮಾರ್ಕಿನ ಬಿಲ್ಲುಂಡ್‌ನ ಈ ಕಂಪೆನಿ 1978ರಲ್ಲಿ ಸ್ಪೇಸ್ ಸರಣಿ ತಂದಿತು. ಮರುವರ್ಷ ಬಂದ ಗ್ಯಾಲಕ್ಸಿ ಎಕ್ಸ್‌ಪ್ಲೋರರ್ 338 ಪೀಸಿನದು. ನೀಲಿ ಮತ್ತು ಬೂದು ಬಣ್ಣದ ಮೈ, ಹಳದಿ ಗಾಜು. ಅದು ಯಾವ ಸಿನಿಮಾದ ನೌಕೆಯೂ ಅಲ್ಲ, ಕಂಪೆನಿಯದ್ದೇ ಕಲ್ಪನೆ. 2022ರಲ್ಲಿ ಕಂಪೆನಿಗೆ 90 ವರ್ಷ ತುಂಬಿದಾಗ ಅದನ್ನೇ ಒಂದೂವರೆ ಪಟ್ಟು ದೊಡ್ಡದು ಮಾಡಿ, 1254 ಪೀಸಿನಲ್ಲಿ ಮತ್ತೆ ಬಿಟ್ಟರು. ಸೆಟ್ ನಂಬರ್ 10497. ನನ್ನ ಹತ್ತಿರ ಇರುವುದು ಇದು. ಉದ್ದ 52 ಸೆಂ.ಮೀ.

ಇಟ್ಟಿಗೆಯ ಮೇಲಿನ ಉರುಟು ಗುಬ್ಬಿಗೆ ಸ್ಟಡ್ ಅನ್ನುತ್ತಾರೆ. ಒಂದು ಸ್ಟಡ್ಡಿನ ನಡುವಿನಿಂದ ಪಕ್ಕದ್ದರ ನಡುವಿಗೆ 8 ಮಿ.ಮೀ. ಇಟ್ಟಿಗೆಯ ಎತ್ತರ 9.6 ಮಿ.ಮೀ., ತೆಳು ಪ್ಲೇಟಿನದು 3.2. ಅಂದರೆ ಮೂರು ಪ್ಲೇಟ್ ಪೇರಿಸಿದರೆ ಸರಿಯಾಗಿ ಒಂದು ಇಟ್ಟಿಗೆ. 1958ರಲ್ಲಿ ಪೇಟೆಂಟ್ ಆದ ಇಟ್ಟಿಗೆ ಈಗಿನದರ ಮೇಲೂ ಕೂರುತ್ತದೆ. ಈ ಲೆಕ್ಕದ ಶಿಸ್ತು ಕಟ್ಟುವಾಗ ಕೈಗೆ ಗೊತ್ತಾಗುತ್ತದೆ. ಗ್ಯಾಲಕ್ಸಿ ಎಕ್ಸ್‌ಪ್ಲೋರರ್‌ನ ರೆಕ್ಕೆಯನ್ನೇ ನೋಡಿ. ಒಂದು ಪದರ ಪ್ಲೇಟ್ ಉದ್ದಕ್ಕೆ, ಅದರ ಮೇಲಿನದು ಅಡ್ಡಕ್ಕೆ ಹಾಕುತ್ತಾ ಹೋಗಬೇಕು. ಎರಡು ಪದರ ಆಗುವ ತನಕ ಎತ್ತಿ ಹಿಡಿದರೆ ಬಾಗುತ್ತದೆ, ಜೋಡುಗಳಲ್ಲಿ ಸಣ್ಣ ಬಿರುಕು ಕಾಣುತ್ತದೆ. ಇನ್ನೊಂದು ಪದರ ಒತ್ತಿ ಕೂರಿಸಿದ ಕೂಡಲೇ ಇಡೀ ರೆಕ್ಕೆ ಗಟ್ಟಿಯಾಗುತ್ತದೆ. ಒಂದು ತುದಿ ಹಿಡಿದು ಅಲ್ಲಾಡಿಸಿದರೂ ಮಿಸುಕುವುದಿಲ್ಲ. ಅಂಟಿಲ್ಲ, ಸ್ಕ್ರೂ ಇಲ್ಲ. ಆ ಕ್ಷಣಕ್ಕಾಗಿ ನಾನು ಇದನ್ನು ಬಿಚ್ಚಿ ಮತ್ತೆ ಕಟ್ಟಿದ್ದೂ ಉಂಟು.

ಇನ್ನೊಂದು ಒಳ್ಳೆಯ ವಿಷಯ, ಇದರಲ್ಲಿ ಸ್ಟಿಕ್ಕರ್ ಇಲ್ಲ. ಮೈಮೇಲಿನ ಎಲ್‌ಎಲ್ 928 ಅನ್ನುವ ಗುರುತು ಪೀಸಿನ ಮೇಲೇ ಪ್ರಿಂಟ್ ಆಗಿದೆ. ಮುಂಬೈಯ ಮಳೆಗಾಲ ನೋಡಿದವರಿಗೆ ಇದರ ಬೆಲೆ ಗೊತ್ತು. ಜುಲೈ ಬಂತೆಂದರೆ ಸ್ಟಿಕ್ಕರಿನ ಮೂಲೆ ಮೇಲೇಳುತ್ತದೆ, ಅದರಡಿಗೆ ಧೂಳು ಕೂರುತ್ತದೆ, ಆಮೇಲೆ ಎಷ್ಟು ಒತ್ತಿದರೂ ಅಂಟುವುದಿಲ್ಲ. ಪ್ರಿಂಟಿಗೆ ಆ ಕಾಟ ಇಲ್ಲ.

ಈಗ ಕ್ರಾಫರ್ಡ್ ಮಾರ್ಕೆಟ್ಟಿನ ಡಬ್ಬಿ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಲೆಗೊಗೆ ಹೊಂದುವ ಇಟ್ಟಿಗೆ ಬೇರೆಯವರು ಮಾಡುವುದು ತಪ್ಪಲ್ಲ. ಇಟ್ಟಿಗೆಯ ಮೂಲ ಪೇಟೆಂಟ್ ಯಾವಾಗಲೋ ಮುಗಿದಿದೆ. ಆ ಆಕಾರವನ್ನು ಟ್ರೇಡ್‌ಮಾರ್ಕ್ ಮಾಡಿಕೊಳ್ಳುವಂತಿಲ್ಲ ಅಂತ 2010ರಲ್ಲಿ ಯುರೋಪಿನ ಅತ್ಯುನ್ನತ ನ್ಯಾಯಾಲಯವೂ ಹೇಳಿದೆ. ತಮ್ಮದೇ ಡಿಸೈನ್ ಮಾಡಿ ಮಾರುವ ಕಂಪೆನಿಗಳ ಬಗ್ಗೆ ನನಗೆ ಗೌರವವೇ ಇದೆ. ಇನ್ನೊಬ್ಬರ ಇಡೀ ಸೆಟ್ಟನ್ನು, ಡಬ್ಬಿಯ ಚಿತ್ರದ ಸಮೇತ ನಕಲು ಮಾಡುವುದು ಬೇರೆ ಮಾತು.

ನಾನು ತಂದ ಸೆಟ್ಟಿನ ನೌಕೆ ಯಾರ ನಕಲಿನ ಹಾಗೂ ಕಾಣಲಿಲ್ಲ, ರೇಟೂ ಕಡಿಮೆ. ಚಿತ್ರದಲ್ಲಿ ಚೆನ್ನಾಗಿಯೇ ಇತ್ತು. ತೊಂದರೆ ಎಲ್ಲ ಹಿಡಿತದಲ್ಲಿ. ಕೆಲವು ಪೀಸ್ ಒತ್ತಿದರೆ ಹೆಬ್ಬೆರಳಿನ ಚರ್ಮ ಕೆಂಪಾಗುವಷ್ಟು ಬಿಗಿ, ಕೆಲವು ತಲೆಕೆಳಗು ಮಾಡಿದರೆ ತಾವಾಗಿಯೇ ಉದುರುವಷ್ಟು ಸಡಿಲ. ಬೂದು ಬಣ್ಣದಲ್ಲೇ ಎರಡು ಛಾಯೆ. ಒಂದೊಂದು ಪೀಸಿನಲ್ಲಿ ಇದು ಸಣ್ಣ ಕೊರತೆ ಅನ್ನಿಸಬಹುದು. ಆದರೆ ನೂರಾರು ಪೀಸ್ ಸಾಲಾಗಿ ಬಂದಾಗ ತಪ್ಪು ಕೂಡುತ್ತಾ ಹೋಗುತ್ತದೆ. ಮೂಗಿನ ಹತ್ತಿರ ಕೂದಲೆಳೆಯಷ್ಟಿದ್ದ ಸಂದು, ಬಾಲ ತಲುಪುವಾಗ ಉಗುರು ತೂರುವಷ್ಟಾಗಿತ್ತು. ಲೆಗೊದ ಅಚ್ಚುಗಳನ್ನು ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ ಮಾಡುತ್ತಾರೆ. ಆ ನಿಖರತೆಗೆ ನಾವು ಯಾಕೆ ದುಡ್ಡು ಕೊಡುತ್ತೇವೆ ಅಂತ ಈ ಡಬ್ಬಿಯಿಂದ ಚೆನ್ನಾಗಿ ಅರ್ಥವಾಯಿತು.

ಮಕ್ಕಳಿಗೆ ಕೊಡುವುದಾದರೆ ಇನ್ನೊಂದು ಗಮನಿಸಿ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ನಾನು ತಂದ ಡಬ್ಬಿಯ ಆರೂ ಬದಿ ತಿರುಗಿಸಿದರೂ ಅದು ಸಿಗಲಿಲ್ಲ. ಇಂಥದ್ದನ್ನು ಮನೆಯ ಸಣ್ಣವರ ಕೈಗೆ ಕೊಡಬೇಡಿ.

ಬ್ಯಾಂಡೈಯ ಎಕ್ಸ್-ವಿಂಗ್ ಬೇರೆಯದೇ ಲೋಕ. ಇದು ಜಪಾನಿನ ಪ್ಲಾಸ್ಟಿಕ್ ಮಾಡೆಲ್. ಚೌಕಟ್ಟಿನಲ್ಲಿ ಅಂಟಿಕೊಂಡೇ ಬರುವ ಭಾಗಗಳನ್ನು ಒಂದೊಂದಾಗಿ ಕತ್ತರಿಸಿ, ಒಂದಕ್ಕೊಂದು ಸಿಕ್ಕಿಸಬೇಕು. ಆ ಚೌಕಟ್ಟಿಗೆ ರನ್ನರ್ ಅನ್ನುತ್ತಾರೆ. ಅಂಟು ಬೇಡ. ಪ್ಲಾಸ್ಟಿಕ್ಕಿಗೇ ಬಣ್ಣ ಇರುವುದರಿಂದ ಪೇಂಟ್ ಮಾಡದಿದ್ದರೂ ನಡೆಯುತ್ತದೆ. ಗಾಂಡಂ ಅನ್ನುವ ಜಪಾನಿ ಕಾರ್ಟೂನಿನ ರೋಬೋಗಳ ಕಿಟ್ ಅನ್ನು 1980ರಿಂದ ಮಾಡುತ್ತಾ ಬಂದ ಕಂಪೆನಿ ಇದು. ಆ ಅನುಭವ ಪ್ರತಿ ಜೋಡಿನಲ್ಲೂ ಕಾಣುತ್ತದೆ.

ಇಲ್ಲಿ ಕಿಟ್ಟಿಗಿಂತ ಮೊದಲು ಒಳ್ಳೆಯ ನಿಪ್ಪರ್, ಅಂದರೆ ಭಾಗ ಕತ್ತರಿಸುವ ಸಣ್ಣ ಇಕ್ಕಳ, ಕೊಳ್ಳಿ. ಉಗುರು ಕತ್ತರಿಸುವ ಕಟರ್ ಸಾಕು ಅಂತ ಹಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಭಾಗದ ಹತ್ತಿರಕ್ಕೇ ಹೋಗಿ ಒಂದೇ ಏಟಿಗೆ ಕತ್ತರಿಸಿದರೆ ಆ ಜಾಗದಲ್ಲಿ ಬಿಳಿ ಕಲೆ ಉಳಿಯುತ್ತದೆ. ಮೊದಲು ಸ್ವಲ್ಪ ದೂರದಲ್ಲಿ ಕತ್ತರಿಸಿ ಭಾಗವನ್ನು ಬಿಡಿಸಿಕೊಳ್ಳಬೇಕು. ಉಳಿದ ಮೊಳಕೆಯನ್ನು ಆಮೇಲೆ ನಿಧಾನವಾಗಿ ತೆಗೆಯಬೇಕು. ಕೊನೆಗೆ ಸಣ್ಣ ಸ್ಯಾಂಡ್‌ಪೇಪರ್. ಕಾಕ್‌ಪಿಟ್ಟಿನ ಹಿಂದೆ ಕೂರುವ ರೋಬೋದ ತಲೆ ಕಡಲೆಕಾಳಿನಷ್ಟಿದೆ. ಅದರ ಮೇಲಿನ ಗೆರೆಗಳೂ ಅಚ್ಚಿನಲ್ಲೇ ಮೂಡಿವೆ. ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡುತ್ತಾ ಕೂತರೆ ಊಟಕ್ಕೆ ಕರೆದದ್ದೂ ಕೇಳಿಸುವುದಿಲ್ಲ.

ಮೈಮೇಲಿನ ಆ ಪೈಪು, ಗುಬ್ಬಿ, ಪಟ್ಟಿಗಳ ಹಿಂದೆ ಒಂದು ಕಥೆ ಇದೆ. 1977ರ ಮೊದಲ ಸ್ಟಾರ್ ವಾರ್ಸ್ ಚಿತ್ರಕ್ಕೆ ನೌಕೆಗಳ ಮಾದರಿ ಕಟ್ಟಿದವರು ಅಂಗಡಿಯಲ್ಲಿ ಸಿಗುವ ಟ್ಯಾಂಕು, ವಿಮಾನಗಳ ಪ್ಲಾಸ್ಟಿಕ್ ಕಿಟ್‌ಗಳನ್ನು ರಾಶಿಗಟ್ಟಲೆ ಕೊಂಡು, ಅವುಗಳ ಬಿಡಿಭಾಗಗಳನ್ನು ನೌಕೆಯ ಮೈಗೆ ಅಂಟಿಸಿದ್ದರು. ನೋಡುವವರಿಗೆ ಇದು ನಿಜವಾದ, ದುಡಿದು ಸವೆದ ಯಂತ್ರ ಅನ್ನಿಸಲು ಕಾರಣ ಅದು. ಬ್ಯಾಂಡೈ ಆ ಮಾದರಿಯನ್ನೇ ನೋಡಿ ಕಿಟ್ ಮಾಡಿದೆ. ಕಿಟ್‌ಗಳಿಂದ ಹುಟ್ಟಿದ ನೌಕೆ ಮತ್ತೆ ಕಿಟ್ ಆಗಿ ನಮ್ಮ ಮೇಜಿಗೆ ಬಂದಿದೆ. ಇದನ್ನು ತಿಳಿದು ಕಟ್ಟಿದರೆ ಖುಷಿ ಇನ್ನೂ ಜಾಸ್ತಿ. ಲೆಗೊದ ಎಕ್ಸ್-ವಿಂಗ್ ಎಷ್ಟೇ ಚೆನ್ನಾಗಿದ್ದರೂ ಸ್ಟಡ್ಡುಗಳ ನಡುವೆ ಇಷ್ಟು ಸೂಕ್ಷ್ಮ ಬರುವುದಿಲ್ಲ.

ಗುರುತುಗಳಿಗೆ ಈ ಕಿಟ್ಟಿನಲ್ಲಿ ಎರಡು ದಾರಿ. ಸ್ಟಿಕ್ಕರ್ ಇದೆ, ನೀರಿನಲ್ಲಿ ನೆನೆಸಿ ಜಾರಿಸಿ ಕೂರಿಸುವ ಡೆಕಾಲ್ ಕೂಡ ಇದೆ. ಡೆಕಾಲ್ ಹಾಕಿ. ಒಣಗಿದ ಮೇಲೆ ಪೇಂಟ್ ಮಾಡಿದಂತೆಯೇ ಕಾಣುತ್ತದೆ. ಮಳೆಗಾಲದಲ್ಲಿ ಮಾತ್ರ ಒಣಗಲು ತುಂಬಾ ಹೊತ್ತು ಬೇಕು, ಅವಸರ ಮಾಡಬೇಡಿ. ಗೆರೆಗಳಿಗೆ ಕಪ್ಪು ತುಂಬುವವರು ಎನಾಮೆಲ್ ಥಿನ್ನರ್ ಹಿತಮಿತವಾಗಿ ಬಳಸಿ. ಜಾಸ್ತಿ ಹರಿದರೆ ಜೋಡಿನ ಹತ್ತಿರ ಪ್ಲಾಸ್ಟಿಕ್ ಸೀಳುತ್ತದೆ.

ಆಟಕ್ಕೆ ಇದು ಆಗುವುದಿಲ್ಲ. ರೆಕ್ಕೆಯ ತುದಿಯ ನಾಲ್ಕು ಗನ್ನುಗಳು ಅಷ್ಟು ತೆಳು. ತಂಗಿಯ ಮಗ ಬಂದಾಗಲೆಲ್ಲ ಕಣ್ಣು ಅದರ ಮೇಲೆ. "ಮಾಮ, ಇದನ್ನೊಮ್ಮೆ ಹಾರಿಸ್ಲಾ?" ಅಂತಾನೆ. "ಅದು ಬೇಡ ಮಾರಾಯ, ದೊಡ್ಡದು ತಗೋ" ಅಂತ ಗ್ಯಾಲಕ್ಸಿ ಎಕ್ಸ್‌ಪ್ಲೋರರ್ ಕೊಡುತ್ತೇನೆ. ಅದರ ಹಿಂದಿನ ಬಾಗಿಲು ತೆಗೆದು, ಒಳಗಿನ ಪುಟ್ಟ ಗಾಡಿ ಇಳಿಸಿ, ಸೋಫಾದ ಮೇಲೆ ಚಂದ್ರನನ್ನು ಕಂಡುಹಿಡಿಯುತ್ತಾನೆ. ಒಂದೆರಡು ಪೀಸ್ ಕಳಚಿದರೆ ತಾನೇ ಒತ್ತಿ ಕೂರಿಸುತ್ತಾನೆ. ಒಂಬತ್ತು ವರ್ಷದವನು ರಿಪೇರಿ ಮಾಡಬಲ್ಲ ನೌಕೆ ಈ ನಾಲ್ಕರಲ್ಲಿ ಅದೊಂದೇ.

ಮೆಟಲ್ ಅರ್ಥ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಂಗೈಯಗಲದ ತೆಳು ಲೋಹದ ಹಾಳೆ, ಅದರಲ್ಲಿ ಕೊರೆದ ಭಾಗಗಳು. ಬಿಡಿಸಿಕೊಂಡು, ಕಿವಿಯನ್ನು ತೂತಿಗೆ ತೂರಿಸಿ, ಚಿಮಟದಿಂದ ಮಡಚಬೇಕು ಅಥವಾ ತಿರುಚಬೇಕು. ಫಾಲ್ಕನ್‌ನ ತಟ್ಟೆಯಂಥ ಮೈಗೆ ಸಣ್ಣ ಉಬ್ಬು ಕೊಡುವುದೇ ಇದರ ಕಷ್ಟ ಮತ್ತು ಚೆಂದ. ಪೆನ್ಸಿಲ್ ಮೇಲೆ ಉರುಳಿಸಿ ಬಾಗಿಸಿದರೆ ಮಡಿಕೆ ಬೀಳುವುದಿಲ್ಲ. ಕಿವಿಯನ್ನು ಒಮ್ಮೆ ಮಡಚಿದರೆ ಮುಗಿಯಿತು, ಹಿಂದಕ್ಕೆ ಮುಂದಕ್ಕೆ ಮಾಡಿದರೆ ಯಾವ ಲೋಹದ ತಗಡಾದರೂ ತುಂಡಾಗುತ್ತದೆ. ಹಾಗಾಗಿ ಬಿಚ್ಚಿ ಮತ್ತೆ ಕಟ್ಟುವ ಮಾತೇ ಇಲ್ಲ. ಖರ್ಚು ಕಡಿಮೆ, ಜಾಗ ಕಡಿಮೆ, ಒಂದು ಭಾನುವಾರದ ಮಧ್ಯಾಹ್ನಕ್ಕೆ ಒಳ್ಳೆಯ ಕೆಲಸ. ಮುಗಿಸಿ ಬೆರಳಿನ ಗುರುತು ಒರೆಸಿ ಗಾಜಿನ ಕಪಾಟಿನಲ್ಲಿಡಿ.

ಮನೆ ಬದಲಾವಣೆಗೆ ಬರುತ್ತೇನೆ. ಗ್ಯಾಲಕ್ಸಿ ಎಕ್ಸ್‌ಪ್ಲೋರರ್ ಅನ್ನು ರೆಕ್ಕೆ, ಮೂಗು, ಬಾಲ ಅಂತ ತುಂಡು ಮಾಡಿ, ಒಂದೊಂದನ್ನೂ ಬೇರೆ ಜಿಪ್ ಕವರಿಗೆ ಹಾಕಿ, ಕೈಪಿಡಿಯ ಜೊತೆ ಬಟ್ಟೆಯ ನಡುವೆ ಇಟ್ಟೆ. ಟೆಂಪೋದಲ್ಲಿ ಬಂತು, ಹೊಸ ಮನೆಯಲ್ಲಿ ಸಂಜೆಯೊಳಗೆ ಎದ್ದು ನಿಂತಿತು. ಒಂದೂ ಪೀಸ್ ಕಳೆಯಲಿಲ್ಲ. ಎಕ್ಸ್-ವಿಂಗ್‌ನ ಗನ್ನುಗಳನ್ನು ಮೆಲ್ಲಗೆ ಎಳೆದು ಬೇರೆ ಮಾಡಿ, ಹತ್ತಿ ಹಾಕಿದ ಸ್ಟೀಲ್ ಡಬ್ಬಿಯಲ್ಲಿಟ್ಟೆ. ಅದು ಮತ್ತು ಲೋಹದ ಫಾಲ್ಕನ್ ಎರಡನ್ನೂ ಟೆಂಪೋಗೆ ಕೊಡದೆ ಮಧ್ಯಾಹ್ನದ ಖಾಲಿ ಲೋಕಲ್‌ನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಎರಡೂ ಸುರಕ್ಷಿತ. ಹೆಸರಿಲ್ಲದ ಸೆಟ್ಟನ್ನು ಇಡಿಯಾಗಿ ರಟ್ಟಿನ ಪೆಟ್ಟಿಗೆಯಲ್ಲಿ ಕಳಿಸಿದ್ದೆ. ಕಲ್ಯಾಣ್-ಶೀಲ್ ರಸ್ತೆ ದಾಟಿ ಬರುವಷ್ಟರಲ್ಲಿ ಅದು ಬರೀ ಪೀಸುಗಳ ರಾಶಿ.

ಬೆಲೆಯ ವಿಷಯದಲ್ಲಿ ಲೆಗೊ ಕಿಸೆಗೆ ಭಾರವೇ. ಗ್ಯಾಲಕ್ಸಿ ಎಕ್ಸ್‌ಪ್ಲೋರರ್ ಅಮೆರಿಕದಲ್ಲಿ ಬಿಡುಗಡೆಯಾದಾಗ ಸುಮಾರು 100 ಡಾಲರ್. ನಮ್ಮಲ್ಲಿ ಆಟಿಕೆಗಳ ಆಮದು ಸುಂಕ 2020ರ ಬಜೆಟ್ಟಿನಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಅದಕ್ಕೇ ಮುಂಬೈಯ ಎಷ್ಟೋ ಕರಾವಳಿಯವರ ಮನೆಗಳಲ್ಲಿ ದುಬೈಯಿಂದ ಬರುವ ಭಾವನಿಗೆ ಖರ್ಜೂರ ತಾ ಅನ್ನುವ ಬದಲು ಸೆಟ್ ನಂಬರ್ ಕಳಿಸುತ್ತಾರೆ. 10497 ಅನ್ನು ಕಂಪೆನಿ ಈಗ ಮಾಡುತ್ತಿಲ್ಲ, ಸಿಕ್ಕರೂ ಸಂಗ್ರಹಕಾರರ ಬೆಲೆಗೆ. ಆದರೂ ಒಂದೇ ಒಂದು ಕೊಳ್ಳುತ್ತೀರಿ ಅಂದರೆ, ಮನೆಯಲ್ಲಿ ಮಕ್ಕಳಿದ್ದರೆ, ನನ್ನ ಮತ ಇದಕ್ಕೇ. ಕಡಿಮೆ ದುಡ್ಡಿಗೆ ಕಣ್ಣು ತುಂಬುವ ನೌಕೆ ಬೇಕು, ಕಪಾಟಿಗೆ ಬೀಗ ಇದೆ ಅನ್ನುವವರು ಬ್ಯಾಂಡೈಗೆ ಹೋಗಿ, ಪಶ್ಚಾತ್ತಾಪ ಇರುವುದಿಲ್ಲ.

ಮುಂದಿನದು ಲೆಗೊದ ಮಿಲೇನಿಯಂ ಫಾಲ್ಕನ್. 2017ರ ದೊಡ್ಡದು, 7541 ಪೀಸಿನದು, 84 ಸೆಂ.ಮೀ. ಉದ್ದ, 56 ಸೆಂ.ಮೀ. ಅಗಲ. ಅದಕ್ಕೆ ನಮ್ಮ ಹಾಲ್‌ನಲ್ಲಿ ಜಾಗ ಮಾಡಬೇಕಾದರೆ ದಿವಾನ್ ಹೊರಗೆ ಹೋಗಬೇಕು. 2024ರಲ್ಲಿ ಬಂದ ಸಣ್ಣದು 921 ಪೀಸಿನದು, ಉದ್ದ 24 ಸೆಂ.ಮೀ. ಅಷ್ಟೇ. ಜೊತೆಗೆ ಸ್ಟ್ಯಾಂಡ್ ಕೂಡ ಇದೆ. ನಮ್ಮ ಕಪಾಟಿನ ಅಡ್ಡಹಲಗೆಯ ಆಳ 30 ಸೆಂ.ಮೀ. ಸಣ್ಣದಕ್ಕೇ ದುಡ್ಡು ಕೂಡಿಸುತ್ತಿದ್ದೇನೆ.