ಪಿಪಿಒದಲ್ಲಿ ಸೇನಾ ಮೆಡಲ್ ಕಾಣೆಯಾಗಿದೆಯೇ? ರೆಕಾರ್ಡ್ ಆಫೀಸಿಗೆ ಬರೆಯುವ ಮೊದಲು ಇದನ್ನು ಓದಿ

ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್‌ಗೆ ವರ್ಗವಾದ ಮೇಲೆ ಬಂದ ಹೊಸ ಪಿಪಿಒದಲ್ಲಿ (ಪಿಂಚಣಿ ಪಾವತಿ ಆದೇಶದಲ್ಲಿ) ಮೂಲ ಪಿಂಚಣಿ ಸರಿಯಿದೆಯೇ ಅಂತ ನೋಡಿ ಮಡಚಿಡುವವರೇ ಹೆಚ್ಚು. ಉತ್ತರ ಕರ್ನಾಟಕದ ನಿವೃತ್ತ ಸುಬೇದಾರರೊಬ್ಬರು ಮಾಡಿದ್ದೂ ಅಷ್ಟೇ. ಸಿಪಾಯಿಯಾಗಿದ್ದಾಗಲೇ ಶೌರ್ಯಕ್ಕಾಗಿ ಸೇನಾ ಮೆಡಲ್ ಪಡೆದವರು. ಹಳೆಯ ಪಿಪಿಒದಲ್ಲಿ ಹೆಸರಿನ ಮುಂದೆ ಎಸ್‌ಎಂ ಅಂತಿತ್ತು, ಪಕ್ಕದಲ್ಲಿ ಆವರಣದೊಳಗೆ ಜಿ ಅಕ್ಷರ, ಅಂದರೆ ಗ್ಯಾಲಂಟ್ರಿ, ಶೌರ್ಯ. ಹೊಸದರಲ್ಲಿ ಎರಡೂ ಇಲ್ಲ, ಮೆಡಲ್ ಭತ್ಯೆಯ ಸಾಲೂ ಇಲ್ಲ. ವಿಚಾರಿಸಿದರೆ, ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿನಿಂದ ಬಂದದ್ದು ಒಂದೇ ಸಾಲು: ಲಭ್ಯ ದಾಖಲೆಗಳಲ್ಲಿ ಪದಕದ ನಮೂದು ಇಲ್ಲ. ಅಲ್ಲಿಂದ ಮುಂದೆ ಅವರು ಹಿಡಿದ ದಾರಿಯೆಲ್ಲ ಸುತ್ತು ಬಳಸು. ಬೇರೆಯವರು ಅದೇ ದಾರಿಯಲ್ಲಿ ಅಲೆಯಬಾರದು ಅಂತ ಇದನ್ನು ಬರೆಯುತ್ತಿರುವುದು.

ಆ ಜಿ ಅಕ್ಷರದ ಬೆಲೆ ಮೊದಲು ತಿಳಿದಿರಲಿ. ಸೇನಾ ಮೆಡಲ್ ಶೌರ್ಯಕ್ಕೂ ಕೊಡುತ್ತಾರೆ, ವಿಶಿಷ್ಟ ಸೇವೆಗೂ ಕೊಡುತ್ತಾರೆ. ತಿಂಗಳ ಭತ್ಯೆ ಇರುವುದು ಶೌರ್ಯದ್ದಕ್ಕೆ ಮಾತ್ರ. 2017ರ ಆಗಸ್ಟ್ 1ರಿಂದ ಅದು ತಿಂಗಳಿಗೆ 2,000 ರೂಪಾಯಿ. ಶೌರ್ಯ ಚಕ್ರಕ್ಕೆ 6,000, ವೀರ ಚಕ್ರಕ್ಕೆ 7,000. ಹಾಗಾಗಿ ಮೆಡಲ್ ಪೂರ್ತಿ ಕಾಣೆಯಾದರೂ ಒಂದೇ, ಬರೀ ಎಸ್‌ಎಂ ಉಳಿದು ಜಿ ಬಿದ್ದುಹೋದರೂ ಒಂದೇ. ಹಣ ನಿಲ್ಲುತ್ತದೆ.

ಇವರ ನಮೂದು ತಪ್ಪಿದ್ದು ಹೇಗೆ? ಜವಾನನೊಬ್ಬ ನಾಯಬ್ ಸುಬೇದಾರ್ ಆದಾಗ ಹಳೆಯ ಆರ್ಮಿ ನಂಬರ್ ಹೋಗಿ ಜೆಸಿ ಎಂಬ ಅಕ್ಷರಗಳಿಂದ ಶುರುವಾಗುವ ಹೊಸ ನಂಬರ್ ಬರುತ್ತದೆ. ಮೆಡಲ್ ಬಂದದ್ದು ಹಳೆಯ ನಂಬರಿನಲ್ಲಿ, ಪಿಂಚಣಿ ಆದದ್ದು ಜೆಸಿ ನಂಬರಿನಲ್ಲಿ. ಕಂಪ್ಯೂಟರಿನಲ್ಲಿ ಜೆಸಿ ನಂಬರ್ ಹೊಡೆದು ಹುಡುಕುವ ಗುಮಾಸ್ತನಿಗೆ ಮೆಡಲ್ ಸಿಗುವುದಿಲ್ಲ, ಅವನು ಇಲ್ಲ ಅಂತ ಬರೆಯುತ್ತಾನೆ. ಅವನ ಮಟ್ಟಿಗೆ ಅದು ಸುಳ್ಳೂ ಅಲ್ಲ. ಇದರ ಜೊತೆ ನಮ್ಮ ಕಡೆಯ ಹೆಸರುಗಳ ಗೋಳು ಬೇರೆ: ಒಂದು ಕಾಗದದಲ್ಲಿ ಬರೀ ಇನಿಷಿಯಲ್, ಇನ್ನೊಂದರಲ್ಲಿ ಊರಿನ ಹೆಸರೂ ಸೇರಿ ಪೂರ್ತಿ ಹೆಸರು. ಆದ್ದರಿಂದ ಯಾವುದೇ ಅರ್ಜಿಯಲ್ಲಿ ಎರಡೂ ನಂಬರ್, ಕೊನೆಯ ಅಕ್ಷರ ಸಮೇತ, ಮೊದಲ ಸಾಲಿನಲ್ಲೇ ಬರೆಯಿರಿ. ಮೆಡಲ್ ಬಂದಾಗಿನ ರ‍್ಯಾಂಕ್ ಮತ್ತು ಯೂನಿಟ್ ಕೂಡ ಅಲ್ಲೇ ಇರಲಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ರೆಕಾರ್ಡ್ ಆಫೀಸಿನಲ್ಲಿರುವುದು ಮೆಡಲಿನ ನಕಲು ನಮೂದು ಮಾತ್ರ. ಶೌರ್ಯ ಪದಕ ಕೊಡುವವರು ರಾಷ್ಟ್ರಪತಿ. ಅದರ ಮೂಲ ಭಾರತದ ಗೆಜೆಟ್, ಭಾಗ ಒಂದು, ಸೆಕ್ಷನ್ ಒಂದರಲ್ಲಿ ಬರುವ ರಾಷ್ಟ್ರಪತಿ ಸಚಿವಾಲಯದ ಅಧಿಸೂಚನೆ. ಅದಕ್ಕೆ ಒಂದು ಸಂಖ್ಯೆ, ಪ್ರೆಸ್ (ಪ್ರೆಸಿಡೆಂಟ್ ಎಂಬುದರ ಸಂಕ್ಷೇಪ) ಎಂಬ ಗುರುತು, ವರ್ಷ ಇರುತ್ತವೆ. ಕೊಟ್ಟ ಪದಕವನ್ನು ರದ್ದು ಮಾಡುವ ಅಧಿಕಾರವೂ ರಾಷ್ಟ್ರಪತಿಯವರದೇ, ರದ್ದಾದರೆ ಅದೂ ಗೆಜೆಟ್‌ನಲ್ಲಿ ಪ್ರಕಟವಾಗಬೇಕು. ರೆಕಾರ್ಡ್ ಆಫೀಸಾಗಲಿ ಪ್ರಯಾಗ್‌ರಾಜ್‌ನ ಪಿಂಚಣಿ ಲೆಕ್ಕಪತ್ರ ಕಚೇರಿಯಾಗಲಿ ಪದಕ ತೆಗೆಯಲು ಬರುವುದಿಲ್ಲ. ಹೀಗಾಗಿ 'ನನ್ನ ಪದಕವನ್ನು ವಾಪಸು ಕೊಡಿ' ಅಂತ ಗೋಗರೆಯುವ ಅರ್ಜಿಯೇ ತಪ್ಪು. ಪದಕ ಎಲ್ಲೂ ಹೋಗಿಲ್ಲ. 'ಇಂಥ ಸಂಖ್ಯೆಯ ಅಧಿಸೂಚನೆ ಜಾರಿಯಲ್ಲಿದೆ, ಇದನ್ನು ರದ್ದು ಮಾಡಿದ ಅಧಿಸೂಚನೆ ಇದ್ದರೆ ಅದರ ಸಂಖ್ಯೆ ತಿಳಿಸಿ, ಇಲ್ಲದಿದ್ದರೆ ನಮೂದು ಸರಿಪಡಿಸಿ ಕೊರಿಜೆಂಡಮ್ ಪಿಪಿಒ (ತಿದ್ದುಪಡಿ ಪಿಪಿಒ) ಹೊರಡಿಸಿ' ಎಂದು ಬರೆಯಬೇಕು. ಈ ಸಾಲಿಗೆ 'ನಮೂದು ಇಲ್ಲ' ಎನ್ನುವುದು ಉತ್ತರವಾಗುವುದಿಲ್ಲ.

ಸುಬೇದಾರರು ಗೆಜೆಟ್ ಕಡೆ ತಿರುಗುವ ಮೊದಲು ಆದ ಅನಾಹುತಗಳು ಇವು. ಸ್ಪರ್ಶ್‌ನಲ್ಲಿ ಪಿಂಚಣಿದಾರರ ವಿವರ ತಾಳೆ ನೋಡುವ ಪುಟವನ್ನು ಸಿಎಸ್‌ಸಿ (ಸಾಮಾನ್ಯ ಸೇವಾ) ಕೇಂದ್ರದ ಹುಡುಗ ತೆರೆದು ಎಲ್ಲದಕ್ಕೂ ಸರಿ ಅಂತ ಒತ್ತಿಬಿಟ್ಟ. ಮುಂದೆ ಅದನ್ನೇ 'ಪಿಂಚಣಿದಾರರು ಒಪ್ಪಿರುತ್ತಾರೆ' ಎಂದು ತೋರಿಸಿದರು. ಪಕ್ಕದಲ್ಲಿ ಕುಳಿತು ಒಂದೊಂದೇ ಸಾಲು ಓದಿಸಿ, ತಪ್ಪಿದ್ದಲ್ಲಿ ತಪ್ಪು ಅಂತ ಗುರುತು ಮಾಡಿಸಿ, ಆ ಪರದೆಯ ಪ್ರಿಂಟ್ ತೆಗೆದಿಡಿ. ಆಮೇಲೆ ಪದಕದ ಮೂಲ ಪ್ರಮಾಣಪತ್ರವನ್ನೇ ಟಪಾಲಿನಲ್ಲಿ ಕಳಿಸಿದರು, ಅದು ವಾಪಸು ಬರಲೇ ಇಲ್ಲ. ಮೂಲ ಪತ್ರ ಮನೆ ಬಿಟ್ಟು ಹೊರಗೆ ಹೋಗಬಾರದು. ದೃಢೀಕರಿಸಿದ ನಕಲು ಸ್ಪೀಡ್ ಪೋಸ್ಟ್‌ನಲ್ಲಿ ಹೋಗಲಿ, ತಲುಪಿದ ದಿನಾಂಕ ತೋರಿಸುವ ಪುಟವನ್ನು ಕಡತಕ್ಕೆ ಸೇರಿಸಿ. ಪದಕದ ಫೋಟೊ ಕಳಿಸುವುದಾದರೆ ಮುಂಭಾಗಕ್ಕಿಂತ ಅಂಚು ಮುಖ್ಯ. ಅಂಚಿನಲ್ಲಿ ನಂಬರ್, ರ‍್ಯಾಂಕ್, ಹೆಸರು ಕೆತ್ತಿದ್ದರೆ ಓರೆ ಬೆಳಕಿನಲ್ಲಿ ಹಿಡಿದು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಮೂರ್ನಾಲ್ಕು ಫೋಟೊ ತೆಗೆಯಿರಿ. ಇವರ ಪದಕದ ಅಂಚಿನಲ್ಲಿ ಹಳೆಯ ಸಿಪಾಯಿ ನಂಬರೇ ಇತ್ತು, ಗೆಜೆಟ್‌ನಲ್ಲಿದ್ದದ್ದೂ ಅದೇ. ಅಂಗಡಿಯಲ್ಲಿ ಮಾಡಿಸಿದ ನಕಲು ಪದಕ ಯಾವ ಸಾಕ್ಷಿಗೂ ಬಾರದು.

ಅಧಿಸೂಚನೆಯ ಸಂಖ್ಯೆ ಗೊತ್ತಿಲ್ಲದಿದ್ದರೆ ಡಿಸ್ಚಾರ್ಜ್ ಬುಕ್ಕಿನಲ್ಲಿ ಪದಕಗಳ ಕಾಲಂ ನೋಡಿ. ಅಲ್ಲೂ ಇಲ್ಲದಿದ್ದರೆ ಆ ವರ್ಷದ ಜನವರಿ 26 ಮತ್ತು ಆಗಸ್ಟ್ 15ರ ಪಟ್ಟಿಗಳಿಂದ ಹುಡುಕಾಟ ಶುರುಮಾಡಿ, ಶೌರ್ಯ ಪದಕಗಳು ಸಾಮಾನ್ಯವಾಗಿ ಘೋಷಣೆಯಾಗುವುದು ಆ ದಿನಗಳಲ್ಲೇ. ಗೆಜೆಟ್‌ನಲ್ಲಿ ಅಚ್ಚಾಗುವುದು ಆಮೇಲೆ, ಹಾಗಾಗಿ ಮುಂದಿನ ತಿಂಗಳುಗಳ ಸಂಚಿಕೆಗಳನ್ನೂ ನೋಡಿ. ಜೊತೆಗೆ ಒಂದು ಆರ್‌ಟಿಐ ಹಾಕಿ, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕೇಳಬೇಕಾದ್ದು: ಶೀಟ್ ರೋಲ್‌ನ (ಸೇವಾ ದಾಖಲೆಯ) ಪದಕಗಳ ಪುಟದ ನಕಲು, ಪದಕ ನಮೂದಿಸಿದ ಪಾರ್ಟ್ ಟೂ ಆರ್ಡರ್‌ನ (ಸೈನಿಕನ ಸೇವಾ ವಿವರ ದಾಖಲಿಸುವ ಆದೇಶದ) ಸಂಖ್ಯೆ ಮತ್ತು ನಕಲು, ನಮೂದು ತೆಗೆದಿದ್ದರೆ ಆ ಆದೇಶ. ಹಳೆಯ ದಾಖಲೆ ನಾಶಪಡಿಸಲಾಗಿದೆ ಎಂದರೆ ನಾಶಪಡಿಸಿದ ಆದೇಶದ ನಕಲು ಕೇಳಿ. 'ಯಾಕೆ ತೆಗೆದಿರಿ' ಅಂತ ಪ್ರಶ್ನೆ ಹಾಕಬೇಡಿ. ಆರ್‌ಟಿಐನಲ್ಲಿ ಕಾಗದ ಕೇಳಬಹುದು, ಸಮಜಾಯಿಷಿ ಕೇಳಿದರೆ ತಿರಸ್ಕಾರ ಖಚಿತ.

ಸಾಮಾನ್ಯ ಸೇವಾ ಮೆಡಲ್, ಹೈ ಆಲ್ಟಿಟ್ಯೂಡ್ ಮೆಡಲ್, ಆಪರೇಷನ್ ವಿಜಯ್ ಮೆಡಲ್ ಇಂಥವಕ್ಕೆ ಈ ಗೆಜೆಟ್ ದಾರಿ ನಡೆಯುವುದಿಲ್ಲ. ಅಲ್ಲಿ ಪಾರ್ಟ್ ಟೂ ಆರ್ಡರೇ ಆಧಾರ, ಆ ಪ್ರದೇಶದಲ್ಲಿ ಇದ್ದುದಕ್ಕೆ ಮೂವ್‌ಮೆಂಟ್ ಆರ್ಡರ್‌ನಂಥ (ಅಲ್ಲಿಗೆ ಕಳಿಸಿದ ಆದೇಶದಂಥ) ಪುರಾವೆ ಬೇಕು.

ಅವಧಿಯ ವಿಷಯದಲ್ಲಿ ಬಹಳ ಜನ ಕೆಡುತ್ತಾರೆ. ಆನ್‌ಲೈನ್ ಕುಂದುಕೊರತೆ ಅರ್ಜಿ ಮುಚ್ಚಿದಾಗಲೆಲ್ಲ ಅದೇ ದೂರನ್ನು ಮತ್ತೆ ಹಾಕುತ್ತಾ ವರ್ಷಗಳು ಹೋಗುತ್ತವೆ. ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗುವ ಮೊದಲು ಇಲಾಖೆಗೆ ಮನವಿ ಕೊಟ್ಟಿರಲೇಬೇಕು. ಅಂತಿಮ ಆದೇಶ ಬಂದರೆ ಅಂದಿನಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಉತ್ತರವೇ ಬಾರದೆ ಆರು ತಿಂಗಳು ಕಳೆದರೆ ಆಗ ನ್ಯಾಯಮಂಡಳಿಯ ಬಾಗಿಲು ತೆರೆಯುತ್ತದೆ. ತಡವಾದರೆ ಸಕಾರಣ ತೋರಿಸಿ ಮನ್ನಾ ಕೇಳಬಹುದು, ಆದರೆ ಬಾಕಿ ಹಣಕ್ಕೆ ಪೆಟ್ಟು ಬೀಳುತ್ತದೆ. 2008ರ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಾಕಿಯನ್ನು ಅರ್ಜಿಗೆ ಹಿಂದಿನ ಮೂರು ವರ್ಷಕ್ಕೆ ಸೀಮಿತಗೊಳಿಸಿತು. ಆ ಲೆಕ್ಕದಲ್ಲಿ ಸೇನಾ ಮೆಡಲಿಗೆ ಸಿಗುವುದು 72,000 ರೂಪಾಯಿ, ಭತ್ಯೆ ನಿಂತು ಆರು ವರ್ಷವಾಗಿದ್ದರೂ ಅಷ್ಟೇ. ಕರ್ನಾಟಕದವರಿಗೆ ಕೊಚ್ಚಿ ಪೀಠ. ನಿವೃತ್ತರು ತಾವು ವಾಸವಿರುವ ಕಡೆಯ ಪೀಠದಲ್ಲೇ ಹಾಕಬಹುದು, ದೆಹಲಿಗೆ ಹೋಗಬೇಕು ಅಂತ ಹೇಳುವ ಮಧ್ಯವರ್ತಿಗಳ ಮಾತು ನಂಬಬೇಡಿ. ಮೊದಲ ಮನವಿ ಬರೆಯುವುದಕ್ಕೆ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯ ನೆರವು ಕೇಳಿ.

ಕೊರಿಜೆಂಡಮ್ ಕೈಗೆ ಬಂದಾಗ ಭತ್ಯೆ ಯಾವ ದಿನಾಂಕದಿಂದ ಅಂತ ನೋಡಿ. ಆದೇಶದ ದಿನದಿಂದ ಅಂತ ಹಾಕಿ ಹಿಂದಿನದನ್ನು ಬಿಟ್ಟಿರುತ್ತಾರೆ. ಪದಕ ಪಡೆದವರ ನಂತರ ಈ ಭತ್ಯೆ ಹೆಂಡತಿಗೆ ಹೋಗುತ್ತದೆ, ಹಾಗಾಗಿ ಪಿಪಿಒದಲ್ಲಿ ಅವರ ಹೆಸರಿನ ಕಾಗುಣಿತವನ್ನೂ ಪರೀಕ್ಷಿಸಿ. ತಪ್ಪಿದ್ದರೆ ಅದನ್ನು ಈ ಅರ್ಜಿಗೆ ಸೇರಿಸಬೇಡಿ, ಬೇರೆಯೇ ಅರ್ಜಿ ಕೊಡಿ. ಒಂದೇ ಕಾಗದದಲ್ಲಿ ಎರಡು ವಿಷಯ ಇದ್ದರೆ ಸುಲಭದ್ದಕ್ಕೆ ಉತ್ತರ ಬರೆದು ಕಡತ ಮುಚ್ಚುತ್ತಾರೆ.