ಮರದ ಕವಲಿಗೆ ರಾಡ್ ಹಾಕಲು ಯಾವ ಡ್ರಿಲ್? ಮಕಿಟಾ ಡಿಡಿಎಫ್481 ಬಳಸಿ ನೋಡಿದ ಮೇಲೆ

ಡ್ರಿಲ್ ಕೊಳ್ಳುವಾಗ ಎಲ್ಲರೂ ಕೇಳುವುದು ಎಷ್ಟು ವ್ಯಾಟ್, ಎಷ್ಟು ವೋಲ್ಟ್ ಅಂತ. ಸೀಳುವ ಮರಕ್ಕೆ ರಾಡ್ ಹಾಕುವವರಿಗೆ ಆ ಲೆಕ್ಕ ಸಾಲದು. ನಿಧಾನವಾಗಿ, ನಿಲ್ಲದೆ ತಿರುಗುವ ತಾಕತ್ತು ಬೇಕು. ಅಂದರೆ ಟಾರ್ಕ್.

ಮಲೆನಾಡಿನ ಕಡೆ ಮನೆ ಪಕ್ಕದ ಹಲಸು, ಮಾವು ಎಷ್ಟೋ ಸಲ ಎರಡು ಕವಲಾಗಿ ಬೆಳೆದಿರುತ್ತವೆ. ಕವಲಿನ ಸಂದು ಇಕ್ಕಟ್ಟಾಗಿದ್ದರೆ ತೊಗಟೆ ಒಳಗೇ ಸಿಕ್ಕಿಕೊಳ್ಳುತ್ತದೆ, ಎರಡು ಕಡೆಯ ಮರ ಸರಿಯಾಗಿ ಕೂಡುವುದೇ ಇಲ್ಲ. ಮುಂಗಾರಿಗೆ ಮುಂಚೆ ಬರುವ ಗಾಳಿಮಳೆಗೆ ಸೀಳುವುದು ಅಲ್ಲೇ. ಕಡಿಸಲು ಮನಸ್ಸಿಲ್ಲದವರು ಎರಡೂ ಕವಲಿಗೆ ಅಡ್ಡಲಾಗಿ ತೂತು ಹೊಡೆಸಿ, ಥ್ರೆಡ್ ರಾಡ್ ತೂರಿಸಿ, ತುದಿಗಳಿಗೆ ವಾಷರ್, ನಟ್ ಹಾಕಿಸುತ್ತಾರೆ. 16 ಎಂಎಂ ರಾಡಿಗೆ 18 ಎಂಎಂ ತೂತು. ಆಳ ಎಷ್ಟೋ ಮರದಲ್ಲಿ ಅರ್ಧ ಮೀಟರ್. ಅದೂ ಹಸಿ ಮರ.

ಮನೆಯಲ್ಲಿರುವ 500 ವ್ಯಾಟಿನ ಡ್ರಿಲ್ ಇಲ್ಲಿ ನಡೆಯುವುದಿಲ್ಲ. ಅದಕ್ಕೆ ಸಾಮಾನ್ಯವಾಗಿ ಒಂದೇ ಗೇರು, 10 ಅಥವಾ 13 ಎಂಎಂ ಚಕ್ (ಕೊರೆಯುವ ಬಿಟ್ ಕಚ್ಚಿ ಹಿಡಿಯುವ ಬಾಯಿ), ಜೋರು ವೇಗ. ಗೋಡೆಗೆ ಸರಿ. ಮರದಲ್ಲಿ ಅರ್ಧ ಅಡಿ ಇಳಿಯುವಷ್ಟರಲ್ಲಿ ಬಿಟ್ ಬಿಗಿದುಕೊಂಡು ಮೋಟರ್ ಸುಟ್ಟ ವಾಸನೆ ಬರುತ್ತದೆ. ಏಣಿ ಮೇಲೆ ವೈರ್ ಎಳೆದುಕೊಂಡು ಹತ್ತುವ ಪಾಡು ಬೇರೆ.

ನಾನು ಕೆಲವು ವರ್ಷಗಳಿಂದ ಬಳಸುತ್ತಿರುವುದು ಮಕಿಟಾದ 18 ವೋಲ್ಟಿನ ಡಿಡಿಎಫ್481. ಬ್ರಷ್‌ಲೆಸ್ (ಒಳಗೆ ಕಾರ್ಬನ್ ಬ್ರಷ್ ಇಲ್ಲದ) ಮೋಟರ್, 13 ಎಂಎಂ ಚಕ್, ಎರಡು ಗೇರು. ಕಂಪನಿ ಹೇಳುವ ಗರಿಷ್ಠ ಟಾರ್ಕ್ 125 ನ್ಯೂಟನ್ ಮೀಟರ್. ಮೊದಲ ಗೇರಿನಲ್ಲಿ ನಿಮಿಷಕ್ಕೆ 550 ಸುತ್ತು, ಎರಡನೆಯದರಲ್ಲಿ 2,100. ಮರಕ್ಕೆ ಮೊದಲ ಗೇರು ಮಾತ್ರ, ಎರಡನೆಯದನ್ನು ಮರೆತುಬಿಡಿ. ಇದೇ ಸಾಲಿನಲ್ಲಿ ಹ್ಯಾಮರ್, ಅಂದರೆ ಬಡಿಯುತ್ತಾ ಕೊರೆಯುವ ವ್ಯವಸ್ಥೆ, ಇರುವ ಡಿಎಚ್‌ಪಿ481 ಕೂಡ ಇದೆ. ಕಾಂಕ್ರೀಟ್ ಕೆಲಸ ಇಲ್ಲದಿದ್ದರೆ ಅದಕ್ಕೆ ಸುಮ್ನೆ ದುಡ್ಡು ಹಾಕಬೇಡಿ.

ಇಷ್ಟು ಟಾರ್ಕ್ ಇದ್ದರೆ ಭಯವೂ ಇರಬೇಕು. ಬಿಟ್ ಗಂಟಿಗೆ ಸಿಕ್ಕಿ ನಿಂತರೆ ಡ್ರಿಲ್ಲೇ ತಿರುಗುತ್ತದೆ. 125 ನ್ಯೂಟನ್ ಮೀಟರ್ ಅಂದರೆ, ಚಕ್ಕಿನಿಂದ 30 ಸೆಂ.ಮೀ. ದೂರದಲ್ಲಿ ತಡೆಯಲು 40 ಕೆಜಿಗೂ ಜಾಸ್ತಿ ಬಲ ಬೇಕು. ಕೆಳಗಿನ ಹಿಡಿ ಒಂದನ್ನೇ ಹಿಡಿದರೆ ದೂರ ಇನ್ನೂ ಕಡಿಮೆ, ಬಲ ಇನ್ನೂ ಜಾಸ್ತಿ. ಮಣಿಕಟ್ಟು ತಾಳುತ್ತದಾ? ಜೊತೆಗೆ ಬರುವ ಉದ್ದ ಸೈಡ್ ಹ್ಯಾಂಡಲ್ ಇಲ್ಲದೆ ಈ ಡ್ರಿಲ್ ಮುಟ್ಟಲೇಬೇಡಿ. ಬರಿ ಏಣಿ ಮೇಲಿಂದಲೂ ಬೇಡ, ಅಟ್ಟಣಿಗೆ ಕಟ್ಟಿಸಿ, ಸೊಂಟಕ್ಕೆ ಬೆಲ್ಟ್ ಹಾಕಿಕೊಳ್ಳಿ. ಬ್ಯಾಟರಿ ಸೇರಿ ಎರಡೂವರೆ ಕೆಜಿ ಆಸುಪಾಸು ತೂಗುತ್ತದೆ. ಕೈ ಎತ್ತಿ ಹಿಡಿದರೆ ಭುಜ ಬೇಗ ಸೋಲುತ್ತದೆ.

ಡ್ರಿಲ್ಲಿನಷ್ಟೇ ಮುಖ್ಯ ಬಿಟ್. ಚಪ್ಪಟೆ ಬಿಟ್ ಬೇಡ. ತುದಿಯಲ್ಲಿ ಸ್ಕ್ರೂ ಇರುವ ಉದ್ದದ ಆಗರ್ ಬಿಟ್ ತನ್ನನ್ನು ತಾನೇ ಒಳಗೆ ಎಳೆದುಕೊಳ್ಳುತ್ತದೆ, ನೀವು ಒತ್ತಬೇಕಿಲ್ಲ. ಆದರೆ ಪುಡಿ ತುಂಬಿಕೊಂಡರೆ ಯಾವ ಡ್ರಿಲ್ಲೂ ನಿಲ್ಲುತ್ತದೆ. ನಾಲ್ಕೈದು ಇಂಚಿಗೊಮ್ಮೆ ಹಿಂದಕ್ಕೆ ತಿರುಗಿಸಿ, ಹೊರಗೆ ತೆಗೆದು ಕೊಡವಿ. ಹಲಸಿನಲ್ಲಿ ಮೇಣದ ಕಾಟ ಜಾಸ್ತಿ: ಪುಡಿ ಅಂಟಾಗಿ ಬಿಟ್ಟಿನ ಸುರುಳಿಯಲ್ಲೇ ಕೂತುಬಿಡುತ್ತದೆ. ಹಣ್ಣು ಕೊಯ್ಯುವ ಕತ್ತಿಗೆ ಸವರುವ ಹಾಗೆ ಬಿಟ್ಟಿಗೂ ಕೊಬ್ಬರಿ ಎಣ್ಣೆ ಸವರಿದರೆ ಆರಾಮ.

ಹೊರಬರುವ ಪುಡಿಯನ್ನೂ ನೋಡುತ್ತಿರಿ. ಹಲಸಿನ ಒಳಮರದ ಪುಡಿ ಹಳದಿ, ಗಟ್ಟಿ ಚೂರು. ಅದು ಕಪ್ಪಾಗಿ, ಮೆತ್ತಗೆ, ಮುಗ್ಗಲು ವಾಸನೆ ಬಂದು, ಡ್ರಿಲ್ ಇದ್ದಕ್ಕಿದ್ದಂತೆ ಸಲೀಸಾಗಿ ಒಳಗೆ ಹೋದರೆ ಒಳಗೆ ಕೊಳೆತಿದೆ ಅಂತ ಅರ್ಥ. ಅಲ್ಲಿಗೇ ನಿಲ್ಲಿಸಿ, ಮರ ಬಲ್ಲವರನ್ನು ಕರೆಸಿ. ಮರ ತನ್ನ ಗಾಯಕ್ಕೆ ಸುತ್ತ ಗೋಡೆ ಕಟ್ಟಿಕೊಳ್ಳುತ್ತದೆಯೇ ಹೊರತು ಗಾಯವನ್ನು ಮಾಯಿಸುವುದಿಲ್ಲ. ಹಾಗಾಗಿ ಅಂದಾಜಿನ ಮೇಲೆ ಎರಡೆರಡು ತೂತು ಹೊಡೆಯುವ ಆಟ ಬೇಡ.

5 ಆಂಪಿಯರ್ ಅವರ್‌ನ ಎರಡು ಬ್ಯಾಟರಿ ಇಟ್ಟುಕೊಂಡರೆ ಕೆಲಸ ನಿಲ್ಲುವುದಿಲ್ಲ. ಇದೇ ಬ್ಯಾಟರಿಯ ಬೇರೆ ಸಾಮಾನು ನಿಮ್ಮಲ್ಲಿದ್ದರೆ ಬರಿ ಡ್ರಿಲ್ ಕೊಳ್ಳಿ, ಸಾಕಷ್ಟು ದುಡ್ಡು ಉಳಿಯುತ್ತದೆ. ಬೇರೆ ಕಂಪನಿಯದ್ದಾದರೂ ಸರಿ, 100 ನ್ಯೂಟನ್ ಮೀಟರ್ ದಾಟಿರಲಿ, ಸೈಡ್ ಹ್ಯಾಂಡಲ್ ಇರಲಿ. ಇರುವುದು ಒಂದೇ ಮರವಾದರೆ ಡ್ರಿಲ್ ಬಾಡಿಗೆಗೆ ತನ್ನಿ, ಬಿಟ್ ಮಾತ್ರ ಹೊಸದು ಕೊಳ್ಳಿ.