ಅಂಗವೈಕಲ್ಯ ಪಿಂಚಣಿ ನಿರಾಕರಣೆ: ಇಲಾಖಾ ಮೇಲ್ಮನವಿಯೋ, ನ್ಯಾಯಮಂಡಳಿಯೋ?

ಕಾರವಾರ, ಶಿರಸಿ ಕಡೆಯ ನಿವೃತ್ತ ಸೈನಿಕರಿಗೆ ಅಂಗವೈಕಲ್ಯ ಪಿಂಚಣಿ ನಿರಾಕರಿಸಿದ ಪತ್ರ ಬಂದಾಗ ಎರಡು ದಾರಿಗಳು ಎದುರಿಗಿರುತ್ತವೆ: ಇಲಾಖೆಯೊಳಗಿನ ಮೇಲ್ಮನವಿ ಮತ್ತು 2007ರ ಕಾಯ್ದೆಯಡಿ ರಚನೆಯಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ.

ಇಲಾಖಾ ಮೇಲ್ಮನವಿಗೆ ವಕೀಲರು ಬೇಕಿಲ್ಲ, ಅರ್ಜಿಯನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದರೆ ಸಾಕು. ಆದರೆ ತೀರ್ಮಾನಿಸುವವರೂ ಅದೇ ವ್ಯವಸ್ಥೆಯೊಳಗಿನವರು.

ನ್ಯಾಯಮಂಡಳಿಯ ಪೀಠ ನಮ್ಮ ಜಿಲ್ಲೆಯಲ್ಲಿಲ್ಲ. ಘಟ್ಟ ಹತ್ತಿಳಿದು ಓಡಾಡುವ ಖರ್ಚು, ವಕೀಲರ ಶುಲ್ಕ ಎರಡನ್ನೂ ಲೆಕ್ಕ ಹಾಕಬೇಕು. ಆದರೂ ವೈದ್ಯಕೀಯ ಮಂಡಳಿಯ ವರದಿಯಲ್ಲಿ ಕಾರಣ ಕೊಡದೆ ‘ಸೇವೆಗೆ ಸಂಬಂಧಿಸಿದ್ದಲ್ಲ’ ಎಂಬ ಒಂದೇ ಸಾಲಿದ್ದರೆ ಅದನ್ನು ಪ್ರಶ್ನಿಸಲು ಇದೇ ಗಟ್ಟಿಯಾದ ವೇದಿಕೆಯೆಂದು ನನಗನ್ನಿಸುತ್ತದೆ. ಸೇರ್ಪಡೆಯ ವೇಳೆ ದಾಖಲಾಗದ ಕಾಯಿಲೆ ಸೇವೆಯಿಂದ ಬಂದದ್ದೆಂದೇ ಸಾಮಾನ್ಯವಾಗಿ ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಸರ್ಕಾರದ್ದು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. (2023ರ ಹೊಸ ಅರ್ಹತಾ ನಿಯಮಗಳ ವ್ಯಾಪ್ತಿಗೆ ಬರುವವರು ಈ ತೀರ್ಪೊಂದನ್ನೇ ನೆಚ್ಚಿಕೊಳ್ಳುವುದು ಬೇಡ.)

ಹಾಗೆಂದು ನೇರವಾಗಿ ನ್ಯಾಯಮಂಡಳಿಗೆ ಹೋಗುವಂತಿಲ್ಲ. ಲಭ್ಯವಿರುವ ಇಲಾಖಾ ಪರಿಹಾರಗಳನ್ನು ಮೊದಲು ಬಳಸಿರಬೇಕೆಂಬುದು ಸಾಮಾನ್ಯ ನಿಯಮ. ಮೇಲ್ಮನವಿಗೆ 6 ತಿಂಗಳಾದರೂ ಉತ್ತರ ಬಾರದಿದ್ದರೆ ನ್ಯಾಯಮಂಡಳಿಯ ಬಾಗಿಲು ತೆರೆಯುತ್ತದೆ, ಅಲ್ಲಿಂದ ಮತ್ತೆ 6 ತಿಂಗಳೊಳಗೆ ಅರ್ಜಿ ಹಾಕಬೇಕು. ತಡವಾದರೆ ಕ್ಷಮಿಸುವ ಅವಕಾಶವಿದೆ, ಆದರೆ ಹಿಂಬಾಕಿ ಸಾಮಾನ್ಯವಾಗಿ ಅರ್ಜಿಗೆ ಮುಂಚಿನ 3 ವರ್ಷಗಳಿಗೆ ಸೀಮಿತವಾಗುತ್ತದೆ.

ಆದ್ದರಿಂದ ಮೇಲ್ಮನವಿಯನ್ನು ಈಗಲೇ ಕಳಿಸಿ, ಅಂಚೆ ರಸೀದಿಯನ್ನು ಜೋಪಾನವಾಗಿಟ್ಟುಕೊಂಡು, ವೈದ್ಯಕೀಯ ಮಂಡಳಿಯ ಪೂರ್ಣ ವರದಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕುವುದು ಒಳ್ಳೆಯದು.